ಲಾರಿ ಸಾಲಿಗೆ ಹೆಸರು ಹಚ್ಚಿದ್ದು

ತ್ರಿಶಲಾ: ಏ.ಸಿ. ಐತಿ ಅಂತ ಡ್ರೈವಿಂಗ್ ಸ್ಕೂಲ್ ಆರಸ್ತಾರೇನ್ರಿ ಯಾರರ? ನಮ್ಮ ಲಾರಿಗೆ ಏ.ಸಿ. ಐತೇನು?

ಪಾರಿಸ: ಲಾರಿಗೆ ಇಲ್ಲ. ಆದ್ರ ಕಲಿಯೂ ಮುಂದ ತಲಿ ತಣ್ಣಗಿರಬೇಕು.

ತ್ರಿಶಲಾ: ತಲಿ ತಣ್ಣಗಿಟ್ಕೊಂಡು ಕಲತಾವ್ರು ನಾಳೆ ಕಾರ್ಖಾನಿ ಮುಂದ ಗಾಡಿ ಪಾಳ್ಯಾಗ ಬಿಸಲಿಗೆ ನಿಂತಾಗ ಏನ್ ಮಾಡ್ತಾರ? ತಲಿ ಮ್ಯಾಲ ಐಸ್ ಇಟ್ಕೋತಾರ?

ಪಾರಿಸ: ನಿಪ್ಪಾಣಿ ಸ್ಕೂಲ್ ಹೈವೇಕ್ಕ ಹತ್ತಿ ಐತಿ. ಅದರ ಬೋರ್ಡ ನೋಡೀಯಿಲ್ಲೋ? ನಮ್ಮ ಮನಿಕಿಂತ ದೊಡ್ಡದೈತಿ.

ತ್ರಿಶಲಾ: ಬೋರ್ಡ ಹೊಡ್ಯಾಕ ಕಲಸ್ತಾರೇನು? ಚಿಕ್ಕೋಡಿ ಸ್ಕೂಲಿನ್ಯಾಗ ಲೋಡ್ ಗಾಡಿ ಕೊಟ್ಟು ಕಲಸ್ತಾರಂತ.

ಪಾರಿಸ: ಅದಕ್ಕ ಬೋರ್ಡ ಸುದ್ದಾ ಇಲ್ಲ!

ತ್ರಿಶಲಾ: ಬೋರ್ಡ ಇಲ್ಲ, ಗಾಡಿ ಐತಿ. ನಿಮ್ಮ ನಿಪ್ಪಾಣ್ಯಾಗ ಬೋರ್ಡ ಐತಿ, ಗಾಡಿ ಐತೋ ಇಲ್ಲೋ ಆ ಪದ್ಮಾವತಿ ತಾಯಿಗೇ ಗೊತ್ತು.

ಅಲಖನೂರಿನ ಆ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡಿರ ಈ ವಾದ ಬೆಳಗಿನ ಚಹಾಕ್ಕೂ ಮೊದಲೇ ಶುರುವಾಗಿತ್ತು. ಕಾರಣ ಬಾಗಿಲ ಬಳಿ ಕಾಲು ಚಾಚಿ ಕುಳಿತಿದ್ದ. ಅವನು ಇಸಾಕ, ಇವರ ಕಬ್ಬಿನ ಲಾರಿಯ ಹಳೆಯ ಡ್ರೈವರ್. ಅವನ ಎಡ ಮೊಣಕಾಲು ಇನ್ನು ಬಹಳ ದಿನ ಕ್ಲಚ್ ತುಳಿಯಲಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೋದ ಹಂಗಾಮಿನಲ್ಲೇ ಹೊರಗಿನ ಡ್ರೈವರುಗಳ ರುಚಿ ನೋಡಿಯಾಗಿತ್ತು. ಬಂದವನೊಬ್ಬ ಕಬ್ಬು ತುಂಬಿದ ಲಾರಿಯನ್ನು ಹೊಲದಲ್ಲೇ ಬಿಟ್ಟು ಹೇಳದೆ ಕೇಳದೆ ಹೊರಟುಹೋಗಿದ್ದ. ಆದ್ದರಿಂದ ಸಕ್ಕರೆ ಕಾರ್ಖಾನೆಗಳು ಮತ್ತೆ ಚಾಲೂ ಆಗುವುದರೊಳಗೆ ಮನೆಯವರೇ ಒಬ್ಬರು ಲಾರಿ ಕಲಿಯಬೇಕೆಂದು ಇಬ್ಬರೂ ಒಪ್ಪಿದ್ದರು. ಆ ಒಬ್ಬರು ಯಾರು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪಾರಿಸನ ಮನಸ್ಸಿನಲ್ಲಿದ್ದದ್ದು ತಂಗಿಯ ಮಗ ಕುನಾಲ. ತ್ರಿಶಲಾಳ ಮನಸ್ಸಿನಲ್ಲಿ ಬೇರೆಯವರಿದ್ದರು.

ಪಾರಿಸ: ಇಸಾಕ ಚಾಚಾ, ನೀನ ಹೇಳು. ನಿಪ್ಪಾಣಿ ಚಲೋನೋ, ಚಿಕ್ಕೋಡಿ ಚಲೋನೋ?

ಇಸಾಕ: ನಿಪ್ಪಾಣಿ ಚಲೋ ಐತ್ರಿ ಮಾಲಕ್ರ.

ತ್ರಿಶಲಾ: ಚಾಚಾ!

ಇಸಾಕ: ಚಿಕ್ಕೋಡಿನೂ ಚಲೋ ಐತ್ರಿ ವೈನಿ.

ಪಾರಿಸ: ಎರಡೂ ಹೆಂಗ ಚಲೋ ಆಗ್ತಾವು?

ಇಸಾಕ: ಪಗಾರ ನಿಮ್ಮ ಕಡಿಂದ ಬರ್ತೈತಿ, ಚಾ ವೈನಿ ಕಡಿಂದ ಬರ್ತೈತಿ. ನನಗ ಎರಡೂ ಬೇಕ್ರಿ.

ಪಾರಿಸ: ಚಿಕ್ಕೋಡಿ ಮಾಸ್ತರ ಭಾಳ ಬೈತಾನಂತ. ಎಳೀ ಮನಸು. ಒಮ್ಮೆ ಅಂಜಿತು ಅಂದ್ರ ಮುಗೀತು, ಮತ್ತ ಗಾಡಿ ಮುಟ್ಟೂದಿಲ್ಲ.

ತ್ರಿಶಲಾಳ ಮುಖ ಒಂದು ಗಳಿಗೆ ಅರಳಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಮನಸ್ಸನ್ನು ಯಾರೂ ಎಳೆಯದು ಎಂದಿರಲಿಲ್ಲ.

ತ್ರಿಶಲಾ: ಅಂಜೂದಿಲ್ಲ ಬಿಡ್ರಿ. ಬೈಸ್ಕೊಳ್ಳೂದು ಈ ಮನ್ಯಾಗ ರೂಢಿನ ಐತಿ.

ಪಾರಿಸ: ನಾ ಯಾವಾಗ ಬೈದೇನಿ? ಒಂದ ಮಾತ ಅಂದಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಊರ ತುಂಬ ತಿರಗೇನಿ.

ತ್ರಿಶಲಾ: ಹೆಗಲ ಮ್ಯಾಲ? ಯಾವಾಗ ಹೊತ್ರಿ? ನನಗೇನ ನೆನಪಿಲ್ಲ.

ಪಾರಿಸ: ನಿನಗ ಹೆಂಗ ನೆನಪಿರ್ತೈತಿ? ಆಗ ನೀ ತವರಿಗೆ ಏಕಸಂಬಿಗೆ ಹೋಗಿದ್ದಿ.

ತ್ರಿಶಲಾ: ನಾ ಏಕಸಂಬ್ಯಾಗಿದ್ನಿ, ನೀವು ಇಲ್ಲಿ ಅಲಖನೂರಾಗ ಹೆಗಲ ಮ್ಯಾಲ ಹೊತ್ಕೊಂಡು ತಿರಗ್ತಿದ್ರಿ? ಯಾರನ್ನ?

ಇಸಾಕನಿಗೆ ಚಹಾ ನೆತ್ತಿಗೇರಿತು. ಇಬ್ಬರೂ ಬೇರೆ ಬೇರೆಯವರ ಬಗ್ಗೆ ಮಾತಾಡುತ್ತಿದ್ದಾರೆಂದು ಅವನಿಗೆ ಹೊಳೆದದ್ದು ಆಗಲೇ. ಕೆಮ್ಮುತ್ತಲೇ ಎದ್ದು ನಿಂತ.

ಇಸಾಕ: ಬಸ್, ಬಸ್! ಎರಡೂ ಸ್ಕೂಲ್ ಕಣ್ಣಿಲೇ ನೋಡ್ಕೊಂಡು ಬರೂಣು ನಡೀರಿ. ನಾ ಗಾಡಿ ತಗೀತೇನಿ.

ಖಾಲಿ ಲಾರಿಯಲ್ಲಿ ಮೂವರೂ ಹೊರಟರು. ಪಾರಿಸ ಎಡಗಡೆ ಕಿಟಕಿಗೆ ತಲೆ ಕೊಟ್ಟು ರಾಯಬಾಗ ದಾಟುವುದರೊಳಗೆ ನಿದ್ದೆ ಹೋದ. ಲಾರಿ ಕೊಂಡ ದಿನದಿಂದಲೂ ಅವನ ಜಾಗ ಅದು, ಅಲ್ಲಿ ಅವನು ಮಾಡುವ ಕೆಲಸವೂ ಅದೇ. ನಡುವೆ ಕುಳಿತ ತ್ರಿಶಲಾಳ ಕಣ್ಣು ಮಾತ್ರ ಇಸಾಕನ ಕಾಲಿನ ಮೇಲಿತ್ತು. ಅವನು ಕ್ಲಚ್ ತುಳಿದಾಗಲೆಲ್ಲ ‘ಯಾ ಅಲ್ಲಾ’ ಎನ್ನುತ್ತಿದ್ದ.

ತ್ರಿಶಲಾ: ಚಾಚಾ, ಏರಿನ್ಯಾಗ ಗೇರ್ ಲಗೂನ ಯಾಕ ಇಳಸಿದಿ?

ಇಸಾಕ: ಗಾಡಿ ಉಸರ ಬಿಡೂದರಾಗ ಇಳಸಬೇಕ್ರಿ. ಬಿಟ್ಟ ಮ್ಯಾಲ ಇಳಸಿದ್ರ ನಿಂತಬಿಡ್ತೈತಿ. (ಮೆಲ್ಲಗೆ) ವೈನಿ, ಕಲಿಯೋರು ಯಾರು ಅಂತ ಮಾಲಕ್ರಿಗೆ ಹೇಳೀರೇನು?

ತ್ರಿಶಲಾ: ನಿನಗ ಯಾರ ಹೇಳಿದ್ರು?

ಇಸಾಕ: ಮುಂಜಾನಿಂದ ನನ್ನ ಕಾಲ ನೋಡಾಕತ್ತೀರಿ. ಡಾಕ್ಟರ ಸುದ್ದಾ ಇಷ್ಟ ನೋಡಿಲ್ಲ.

ತ್ರಿಶಲಾ: ಸಾಲಿ ಯಾವುದಂತ ಮೊದಲ ಠರಾವ ಆಗ್ಲಿ. ಎರಡ ಜಗಳ ಒಮ್ಮೆಲೇ ಯಾಕ?

ನಿಪ್ಪಾಣಿಯ ‘ಚಕ್ರಗತಿ ಮೋಟಾರ್ ಟ್ರೇನಿಂಗ್’ ಪಾರಿಸ ಹೇಳಿದಂತೆಯೇ ಇತ್ತು. ಬೋರ್ಡು ದೊಡ್ಡದು, ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ. ಮಾಲೀಕ ವಿಕ್ರಾಂತ ಇಸ್ತ್ರಿ ಹಾಕಿದ ಅಂಗಿಯಲ್ಲಿ ಎದ್ದು ಬಂದು ಇಬ್ಬರಿಗೂ ಕೈಮುಗಿದ.

ವಿಕ್ರಾಂತ: ಯಾ, ಯಾ, ಬಸಾ! ಬರ್ರಿ, ಕುಂಡ್ರಿ. ಚಾನೋ, ಥಂಡಾನೋ? ಹಾಂ, ಕಲಿಯೋರು ಯಾರ್ರಿ?

ಪಾರಿಸ: ಕುನಾಲ.

ತ್ರಿಶಲಾ: ನಾನ.

ಎರಡೂ ಮಾತು ಒಟ್ಟಿಗೇ ಬಿದ್ದವು. ವಿಕ್ರಾಂತ ಪಾರಿಸನಿಗೆ ಕೈ ಚಾಚಿದ.

ವಿಕ್ರಾಂತ: ಚಲೋ ಆತ್ರಿ ಕುನಾಲ್ ಸಾಹೇಬ್ರ.

ಪಾರಿಸ: ನಾ ಕುನಾಲ ಅಲ್ರಿ! ನಾ ಪಾರಿಸ. ಕುನಾಲ ನನ್ನ ತಂಗಿ ಮಗ. (ಹೆಂಡತಿಯತ್ತ ತಿರುಗಿ) ಏನಂದಿ ನೀ?

ತ್ರಿಶಲಾ: ನಾನ ಅಂದ್ನಿ.

ಪಾರಿಸ: ನೀನ ಅಂದ್ರ?

ತ್ರಿಶಲಾ: ನಾನ ಅಂದ್ರ ನಾನ. ಮತ್ತೇನು ಬಿಡಿಸಿ ಹೇಳಬೇಕು?

ಪಾರಿಸ: ಹುಚ್ಚ ಹಿಡದೈತೇನ ನಿನಗ? ಲಾರಿ ಅದು, ಲಾರಿ! ಎಮ್ಮಿ ಅಲ್ಲ!

ತ್ರಿಶಲಾ: ಎಮ್ಮಿ ಒದೀತೈತಿ. ಲಾರಿ ಒದಿಯೂದಿಲ್ಲ. ಟ್ರ್ಯಾಕ್ಟರ್ ನಾನ ಹೊಡ್ಯಾಕತ್ತೇನಿಲ್ಲೋ? ಲೈಸನ್ಸ್ ನನ್ನ ಹಂತ್ಯಾಕ ಐತೋ, ನಿಮ್ಮ ಹಂತ್ಯಾಕ ಐತೋ?

ವಿಕ್ರಾಂತ: ದಾದಾ, ವೈನಿ, ಶಾಂತ ಆಗ್ರಿ. ಇಬ್ಬರೂ ಕಲೀರಿ. ಜೋಡಿಗೆ ಫೀ ಕಡಿಮಿ ಮಾಡ್ತೇನಿ.

ಪಾರಿಸ: ಜೋಡಿ ಅಲ್ರಿ! ಕುನಾಲ ಕಲೀತಾನ. ಅವ ಈಗಿನ ಕಾಲದ ಹುಡುಗ.

ತ್ರಿಶಲಾ: ಅವನ್ನ ಕೇಳೀರೇನು?

ಪಾರಿಸ: ಕೇಳೂದೇನೈತಿ? ನಾ ಸೋದರಮಾವ. ನಾ ಹೇಳಿದ್ದ ಕೇಳ್ತಾನ.

ತ್ರಿಶಲಾ: ಹಂಗಾರ ಹಚ್ಚರಿ ಫೋನ್. ಸ್ಪೀಕರಿಗೆ ಇಡ್ರಿ.

ಪಾರಿಸ ಎದೆ ಉಬ್ಬಿಸಿಕೊಂಡು ಫೋನ್ ಹಚ್ಚಿದ. ಆ ಕಡೆಯಿಂದ ಕುನಾಲನ ದನಿ ಉತ್ಸಾಹದಿಂದಲೇ ಬಂತು.

ಕುನಾಲ: ಹಾಂ ಮಾಮಾ, ಹೇಳು!

ಪಾರಿಸ: ನಿನ್ನ ಹೆಸರು ಲಾರಿ ಕಲಿಯೂ ಸಾಲಿಗೆ ಹಚ್ಚಾಕತ್ತೇನಪಾ. ನಿಪ್ಪಾಣ್ಯಾಗ. ಏ.ಸಿ. ಐತಿ.

ಕುನಾಲ: ಯಾವ ಲಾರಿ? ನಮ್ಮ ಕಬ್ಬಿನ ಲಾರಿ?

ಪಾರಿಸ: ಮತ್ಯಾವುದು?

ಕುನಾಲ: ಮಾಮಾ, ನನಗ ಡೀಸೆಲ್ ವಾಸನಿ ಬಂದ್ರ ವಾಂತಿ ಆಗ್ತೈತಿ! ಬಸ್ಸಿನ್ಯಾಗ ಬಂದ್ರೂ ಲಿಂಬಿಹಣ್ಣ ಮೂಸ್ಕೋತ ಬರ್ತೇನಿ. ಅತ್ತಿಗೆ ಗೊತ್ತೈತಲಾ. ಅತ್ತಿ ಹೇಳ್ಲಿಲ್ಲೇನು?

ಪಾರಿಸ ಫೋನ್ ಕಿಸೆಗೆ ಹಾಕಿದ. ಹೆಂಡತಿಯತ್ತ ತಿರುಗಿದ.

ಪಾರಿಸ: ನಿನಗ ಗೊತ್ತಿತ್ತು?

ತ್ರಿಶಲಾ: ಅವ ಬಂದಾಗೆಲ್ಲ ಅಂಗಳ ತೊಳಿಯಾಕಿ ನಾನ ಅಲ್ಲೇನು?

ವಿಕ್ರಾಂತನಿಗೆ ಗಿರಾಕಿ ಕೈಬಿಟ್ಟು ಹೋಗುವ ಲಕ್ಷಣ ಕಂಡಿತು. ಅವನು ಅವಸರದಿಂದ ಪಕ್ಕದ ಕೋಣೆಯ ಪರದೆ ಸರಿಸಿದ. ಒಂದು ಕುರ್ಚಿ, ಅದರ ಮುಂದೆ ಸ್ಟೇರಿಂಗು, ಗೋಡೆಯಷ್ಟು ದೊಡ್ಡ ಟಿ.ವಿ.

ವಿಕ್ರಾಂತ: ಇದು ಸಿಮ್ಯುಲೇಟರ್ ಅಂತ್ರಿ. ಕುಂತಲ್ಲೇ ಲಾರಿ ಹೊಡದಂಗ ಆಗ್ತೈತಿ. ದಾದಾ, ನೀವ ಮೊದಲ ಕುಂತ ನೋಡ್ರಿ.

ಪಾರಿಸ ಕುಳಿತ. ಟಿ.ವಿ.ಯಲ್ಲಿ ಬಿಳಿಯ ಬೆಟ್ಟಗಳ ನಡುವಿನ ರಸ್ತೆ ಬಂತು.

ಪಾರಿಸ: ಏ, ಇದೇನ್ರಿ ಬೆಳ್ಳಗ? ಹತ್ತಿ ಬಿದ್ದೈತೇನು?

ವಿಕ್ರಾಂತ: ಬರ್ಫ್ ಅದು. ಫಾರಿನ್ ರೋಡ್ ಐತಿ.

ಪಾರಿಸ: ನಮ್ಮ ಗಾಡಿ ರಾಯಬಾಗ ದಾಟಿ ಕಾರ್ಖಾನಿಗೆ ಹೋಗೂದ್ರಿ! ಅಯ್ಯ, ಎದುರ ಬಂತು, ಎದುರ ಬಂತು! ಬ್ರೇಕ್ ಎಲ್ಲಿ ಐತ್ರಿ?

ಕೋಡುಗಳಿದ್ದ ಯಾವುದೋ ಪ್ರಾಣಿ ಅಡ್ಡ ಬಂತು. ಢಬ್ ಎಂದು ಸದ್ದಾಗಿ ಟಿ.ವಿ. ಕೆಂಪಗಾಯಿತು. ಪಾರಿಸ ಕುರ್ಚಿಯಿಂದ ಹಾರಿ ನಿಂತು ಎರಡೂ ಕೆನ್ನೆ ಬಡಿದುಕೊಂಡ.

ಪಾರಿಸ: ಜಿನೇಶ್ವರಾ! ಇರಿವಿ ತುಳೀಲಾರದಂಗ ನಡಿಯಾವ ನಾ. ಜಿಂಕಿ ಕೊಂದಬಿಟ್ನಲ್ಲೋ!

ತ್ರಿಶಲಾ: ಟಿ.ವಿ. ಒಳಗಿನದ್ರಿ ಅದು, ಸತ್ತಿಲ್ಲ. (ವಿಕ್ರಾಂತನಿಗೆ) ನಿಮ್ಮ ಟಿ.ವಿ.ದಾಗ ಎರಡ ಟ್ರೇಲರ್ ಜೋಡಿಸಿದ ಕಬ್ಬಿನ ಟ್ರ್ಯಾಕ್ಟರ್ ಎದುರ ಬರ್ತಾವೇನ್ರಿ?

ವಿಕ್ರಾಂತ: ಅದಕ್ಕ ಅಪ್‌ಡೇಟ್ ಬರೂದೈತಿ ವೈನಿ.

ತ್ರಿಶಲಾ: ಖರೇ ಲಾರಿ ಎಲ್ಲೈತಿ?

ವಿಕ್ರಾಂತ ಹಿತ್ತಲಿಗೆ ಕರೆದೊಯ್ದ; ಹೊರಗೆ ನಿಂತಿದ್ದ ಇಸಾಕನೂ ಹಿಂದೆ ಬಂದ. ಲಾರಿ ಇತ್ತು. ಗಾಲಿಗಳ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬಾನೆಟ್ಟಿನ ಮೇಲೆ ಯಾರೋ ಒಣ ಮೆಣಸಿನಕಾಯಿ ಹರವಿದ್ದರು.

ಇಸಾಕ: ಅರೇ ಸಾಹೇಬ, ಈ ಗಾಡಿ ಹಿಂದಿನ ಸಲ ಯಾವಾಗ ಚಾಲೂ ಆಗಿತ್ತು?

ವಿಕ್ರಾಂತ: ಚಾಲೂ ಮಾಡೂದ ಬೇಕಾಗೂದಿಲ್ರಿ. ನಮ್ಮ ಸ್ಪೆಷಲ್ ಏನಂದ್ರ, ನೀವು ಬರೂದೂ ಬ್ಯಾಡ. ಸರ್ಟಿಫಿಕೇಟ್ ಮನಿಗೇ ಬರ್ತೈತಿ.

ಪಾರಿಸ: ಮನಿಗೇ?

ಅವನ ಕಣ್ಣು ಮಿನುಗಿದ್ದು ತ್ರಿಶಲಾಳಿಗೆ ಕಾಣಿಸಿತು.

ತ್ರಿಶಲಾ: ಸರ್ಟಿಫಿಕೇಟ್ ಕಬ್ಬ ಹೊರ್ತೈತೇನ್ರಿ? ನಡೀರಿ ಚಿಕ್ಕೋಡಿಗೆ.

ಲಾರಿ ತಿರುಗಿ ಹೊರಟಿತು. ಈ ಬಾರಿ ಪಾರಿಸನಿಗೆ ನಿದ್ದೆ ಬರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದವನು ಒಮ್ಮೆಲೇ ಶುರುಮಾಡಿದ.

ಪಾರಿಸ: ಮಂದಿ ನಗ್ತಾರ.

ತ್ರಿಶಲಾ: ನಗ್ಲಿ. ಪುಕ್ಕಟ ಐತಿ.

ಪಾರಿಸ: ಕಾರ್ಖಾನ್ಯಾಗ ಗಾಡಿ ಪಾಳಿ ಹಚ್ಚಿದ್ರ ಹೊತ್ತ ಮುಣಗೂದರಾಗ ನೀ ಉಣ್ಣೂದು ಹೆಂಗ? ಜೈನರು ನಾವು, ರಾತ್ರಿ ಉಣ್ಣಾವ್ರಾ?

ತ್ರಿಶಲಾ: ಡಬ್ಬಿ ಒಯ್ತೇನಿ.

ಪಾರಿಸ: ಡಬ್ಬಿ ಮಾಡಾವ್ರು ಯಾರು?

ತ್ರಿಶಲಾ: ಮನ್ಯಾಗ ಖಾಲಿ ಕುಂತಾವ್ರು.

ಇಸಾಕ ನಕ್ಕ. ಮಾಲೀಕ ದುರುಗುಟ್ಟಿ ನೋಡಿದ್ದರಿಂದ ಅದನ್ನು ಕೆಮ್ಮಾಗಿ ಬದಲಾಯಿಸಿದ.

ಪಾರಿಸ: ನಗೂ ಮಾತಲ್ಲ ಇದು. ಟ್ರ್ಯಾಕ್ಟರ್ ಬ್ಯಾರೆ, ಲಾರಿ ಬ್ಯಾರೆ. ಟ್ರ್ಯಾಕ್ಟರ್ ನಮ್ಮ ಹೊಲದಾಗ ತಿರಗ್ತೈತಿ, ಕಣ್ಣಿಗೆ ಕಾಣ್ತೈತಿ. ಲಾರಿ ಊರ ಬಿಟ್ಟು ಹೋಗ್ತೈತಿ. ನೀ ಹೊಳ್ಳಿ ಬರೂತನಕ ನಾ ಏನ್ ಮಾಡ್ಲಿ? ಬಾಗಲದಾಗ ನಿಂತು ದಾರಿ ನೋಡ್ಲಿ?

ಮಾತು ಮುಗಿಯುವಾಗ ಅವನ ದನಿ ಸಣ್ಣಗಾಗಿತ್ತು. ತ್ರಿಶಲಾಳ ಮಾತಿನಲ್ಲೂ ಈ ಸಲ ಜಗಳವಿರಲಿಲ್ಲ.

ತ್ರಿಶಲಾ: ಹೋದ ಹಂಗಾಮಿನ್ಯಾಗ ಆ ಡ್ರೈವರ್ ಲೋಡ್ ಗಾಡಿ ಬಿಟ್ಟ ಹ್ವಾದ ನೋಡ್ರಿ. ಚಾಚಾ ದವಾಖಾನ್ಯಾಗಿದ್ದ. ನೀವು ಡ್ರೈವರ್ ಹುಡಕಾಕಂತ ಅಥಣಿ, ಕಾಗವಾಡ ತಿರಗಾಕತ್ತಿದ್ರಿ. ನಾ ಆ ಗಾಡಿ ನೆಳ್ಳಾಗ ಕುಂತಿದ್ನಿ. ಕಬ್ಬ ಬಿಸಲಿಗೆ ಚಟಚಟ ಅಂತಿತ್ತು. ಗಾಡಿ ನಮ್ದು, ಕಬ್ಬ ನಮ್ದು, ಚಾವಿ ನನ್ನ ಸೆರಗಿನ್ಯಾಗಿತ್ತು. ಹೊಡ್ಯಾಕ ಬರ್ತಿರಲಿಲ್ಲ, ಅಷ್ಟ. ಅವತ್ತ ಠರಾಯಿಸೇನಿ ನಾ. ಇನ್ನೊಮ್ಮೆ ಹಂಗ ಕುಂಡ್ರೂದಿಲ್ಲ ಅಂತ.

ಪಾರಿಸ: ನನಗ ಯಾಕ ಹೇಳ್ಲಿಲ್ಲ?

ತ್ರಿಶಲಾ: ಹೇಳಿದ್ರ ಕುನಾಲನ್ನ ಕಳಸೂಣು ಅಂತಿದ್ರಿ.

ಲಾರಿ ಚಿಕ್ಕೋಡಿ ಸೇರಿತು.

ಚಿಕ್ಕೋಡಿಯ ಸ್ಕೂಲು ಊರ ಹೊರಗಿನ ಒಂದು ಬಯಲು. ತಗಡಿನ ಚಪ್ಪರ, ಸಾಲಾಗಿ ನಿಲ್ಲಿಸಿದ ಖಾಲಿ ಡ್ರಮ್ಮುಗಳು, ಉಸುಕಿನ ಚೀಲ ಹೇರಿಕೊಂಡು ನಿಂತ ಒಂದು ಹಳೆಯ ಲಾರಿ. ಅದನ್ನು ನಡೆಸುವವನು ಶ್ರೇಣಿಕ. ವರ್ಷಗಟ್ಟಲೆ ಕೂಗಿ ಕೂಗಿ ಅವನ ಗಂಟಲು ಒಡೆದ ಹಲಗೆಯಂತಾಗಿತ್ತು. ಚಹಾ ಕೇಳಲಿಲ್ಲ, ಕುರ್ಚಿಯೂ ಕೊಡಲಿಲ್ಲ.

ಪಾರಿಸ: ನಿಮ್ಮ ಸ್ಕೂಲಿಗೆ ಬೋರ್ಡ ಯಾಕ ಇಲ್ರಿ?

ಶ್ರೇಣಿಕ: ಕಲಿಯಾವ್ರು ಅದಕ್ಕ ಗಾಡಿ ಹಾಯಸ್ತಾರ್ರಿ. ಹಾಕಿ ಹಾಕಿ ಸಾಕಾತು. ಕಲಿಯೋರು ಯಾರು?

ತ್ರಿಶಲಾ: ನಾನ್ರಿ.

ಪಾರಿಸ: ಇರ್ರಿ, ಇನ್ನೂ ಠರಾವ ಆಗಿಲ್ಲ. ಲಾರಿ ಅಂದ್ರ ಏನಂತ ನನಗ ಗೊತ್ತೈತಿ. ಇಷ್ಟ ವರ್ಷ ಲಾರ್ಯಾಗ ಕುಂತಾವ ನಾ.

ಶ್ರೇಣಿಕ: ಯಾವ ಬಾಜೂಕ?

ಪಾರಿಸ: ಎಡಕ್ಕ.

ಶ್ರೇಣಿಕ: ಇವತ್ತ ಬಲಕ್ಕ ಹತ್ರಿ. ನಿಮ್ಮದ ಮೊದಲ ನೋಡೂಣು. ಅಂಜಬ್ಯಾಡ್ರಿ, ನನ್ನ ಕಾಲಾಗೂ ಒಂದ ಬ್ರೇಕ್ ಐತಿ.

ಹೆಂಡತಿಯ ಎದುರು ಹಿಂಜರಿಯುವಂತಿರಲಿಲ್ಲ. ಪಾರಿಸ ಹತ್ತಿ ಕುಳಿತ. ಶ್ರೇಣಿಕ ಪಕ್ಕದಲ್ಲಿ ಕುಳಿತು, ಎರಡು ಡ್ರಮ್ಮುಗಳ ನಡುವೆ ಹಿಂದಕ್ಕೆ ಹೋಗಲು ಹೇಳಿದ. ಲಾರಿ ಒಮ್ಮೆ ನಡುಗಿತು, ಗುಟುರು ಹಾಕಿತು, ನೇರ ಮುಂದಕ್ಕೆ ಜಿಗಿದು ಚಪ್ಪರದತ್ತ ಹೊರಟಿತು. ಇಸಾಕ ನೋಯುವ ಮೊಣಕಾಲನ್ನು ಮರೆತು ಓಡಿದ. ಚಪ್ಪರ ಇನ್ನು ಗೇಣಳತೆ ಇರುವಾಗ ಶ್ರೇಣಿಕ ಬ್ರೇಕು ಒತ್ತಿದ.

ಪಾರಿಸ: ಹಿಂದ ಹೋಗಂದ್ರ ಮುಂದ ಹೋತಲ್ರಿ ಇದು! ಗಾಡಿ ಬರೋಬರಿ ಇಲ್ಲ ನಿಮ್ದು.

ಶ್ರೇಣಿಕ: ಗಾಡಿ ಮಾಲಕನ ಮಾತ ಕೇಳೂದಿಲ್ರಿ, ಗೇರಿನ ಮಾತ ಕೇಳ್ತೈತಿ. ಇಳೀರಿ. ಅವ್ವಾರ, ನೀವು ಹತ್ರಿ.

ತ್ರಿಶಲಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಲಾರಿ ಅವಳ ಕೈಯಲ್ಲೂ ಎರಡು ಸಲ ಬಂದ್ ಬಿತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಟಿತು. ಶ್ರೇಣಿಕನ ಗಂಟಲು ಏರಿತು.

ಶ್ರೇಣಿಕ: ಕನ್ನಡಿ ನೋಡ್ರಿ, ಕನ್ನಡಿ! ಮಾರಿ ನೋಡ್ಕೊಳ್ಳಾಕ ಇಟ್ಟಿಲ್ಲ ಅದನ್ನ! ಸ್ಟೇರಿಂಗ್ ಹಂಗ ಹಿಂಡಾಕ ಅದೇನ ತೋಯ್ದ ಬಟ್ಟಿಯೇನು?

ಢಣ್ ಎಂದು ಡ್ರಮ್ಮೊಂದು ಉರುಳಿತು.

ಪಾರಿಸ: ಏ ಮಾಸ್ತರ! ನನ್ನ ಹೆಂಡ್ತಿಗೆ ಹಂಗ ಬೈಬ್ಯಾಡ್ರಿ! ಅದಕ್ಕ ಅಂದಿದ್ನಿ ನಾ, ನಿಪ್ಪಾಣಿನ ಚಲೋ ಅಂತ!

ತ್ರಿಶಲಾ (ಕಿಟಕಿಯಿಂದ ತಲೆ ಹೊರಗೆ ಹಾಕಿ): ಗಪ್ಪ ನಿಂದರ್ರಿ ನೀವು! ಅವರು ಬೈದ್ರ ನನಗ ತಿಳಿಯಾಕತ್ತೈತಿ!

ಅವಳು ಕೆಳಗಿಳಿದು ಬಂದಳು. ಉರುಳಿದ ಡ್ರಮ್ಮನ್ನು ತಾನೇ ಎತ್ತಿ ನಿಲ್ಲಿಸಿ, ಅದಕ್ಕೂ ಗಾಲಿಗೂ ನಡುವಿನ ಜಾಗವನ್ನು ಒಮ್ಮೆ ನೋಡಿ ಮತ್ತೆ ಹತ್ತಿದಳು. ಲಾರಿ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರತೊಡಗಿತು. ಪಾರಿಸ ಗಪ್ಪಾಗಿ ನಿಲ್ಲಬೇಕೆಂದೇ ಇದ್ದ. ಆದರೆ ಹಿಂದಿನ ಗಾಲಿ ಡ್ರಮ್ಮಿನತ್ತ ಸರಿಯುತ್ತಿದ್ದುದನ್ನು ಕಂಡು ಅವನ ಕಾಲು ತಾನಾಗಿ ಲಾರಿಯ ಹಿಂದಕ್ಕೆ ಓಡಿತು. ಕೈ ತಾನಾಗಿ ಮೇಲೆದ್ದಿತು. ಬಾಯಿಯಂತೂ ಯಾರ ಮಾತೂ ಕೇಳುವಂತಿರಲಿಲ್ಲ.

ಪಾರಿಸ: ಬರ್ಲಿ, ಬರ್ಲಿ! ಎಡಕ್ಕ ತಿರಿವು! ಇನ್ನೂ ತಿರಿವು! ಹಾಂ, ಸೀದಾ ಮಾಡು! ಬರ್ಲಿ, ಬರ್ಲಿ, ಬರ್ಲಿ, ಬಸ್!

ಲಾರಿ ಎರಡು ಡ್ರಮ್ಮುಗಳ ನಟ್ಟನಡುವೆ ಬಂದು ನಿಂತಿತು. ಪಾರಿಸ ಎತ್ತಿದ ಕೈಯನ್ನು ಇಳಿಸಲು ಮರೆತು ನಿಂತಿದ್ದ. ತ್ರಿಶಲಾ ಕನ್ನಡಿಯಲ್ಲಿ ಅವನನ್ನು ನೋಡಿ ನಕ್ಕಳು. ಅವನೂ ನಕ್ಕ, ಆಮೇಲೆ ತಾನು ನಕ್ಕದ್ದು ನೆನಪಾಗಿ ಮೀಸೆ ಸವರಿಕೊಂಡ.

ಶ್ರೇಣಿಕ ಇಳಿದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

ಶ್ರೇಣಿಕ: ಸಾವ್ಕಾರ್ರ, ನಿಮಗ ಈ ಜನ್ಮದಾಗ ಗಾಡಿ ಹೊಡ್ಯಾಕ ಬರೂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ. ಆದ್ರ ಗಾಡಿ ಹಿಂದ ನಿಂತು ‘ಬರ್ಲಿ ಬರ್ಲಿ’ ಅನ್ನಾಕ ಇಂಥಾ ದನಿ ನಾ ಎಲ್ಲೂ ಕೇಳಿಲ್ಲ.

ಪಾರಿಸ: ಖರೇ?

ಶ್ರೇಣಿಕ: ನನ್ನ ಗಂಟಲ ಹೋಗೇತಿ. ಅವ್ವಾರ ಕಲಿಯೂತನಕ ದಿನಾ ಇವರ ಜೋಡಿ ಬರ್ರಿ. ನಿಮಗೂ ಅಡ್ಡಾಡಿದಂಗ ಆಗ್ತೈತಿ.

ಇಸಾಕ: ಹೂಂ ಅನ್ರಿ ಮಾಲಕ್ರ. ದಿನಾ ಜೋಡಿನ ಬಂದ್ರ, ಬಾಗಲದಾಗ ನಿಂತು ದಾರಿ ನೋಡೂ ಕೆಲಸ ತಪ್ತೈತಿ.

ಪಾರಿಸ ಲಾರಿಯನ್ನು ನೋಡಿದ. ಡ್ರಮ್ಮುಗಳನ್ನು ನೋಡಿದ. ಕೆಳಗಿಳಿದು ಬಂದು ಮುಖದ ಬೆವರು ಒರೆಸಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದ. ಅಂಥ ಹಿಗ್ಗು ಅವಳ ಮುಖದಲ್ಲಿ ಅವನು ಯಾವಾಗ ಕಂಡಿದ್ದನೋ ನೆನಪಾಗಲಿಲ್ಲ.

ಪಾರಿಸ: ಹೆಸರು ಬರಕೊಳ್ರಿ ಮಾಸ್ತರ. ತ್ರಿಶಲಾ. ಲಗೂ ಲಗೂ ಬರೀರಿ, ಹೊತ್ತ ಮುಣಗೂದರಾಗ ಮನಿ ಮುಟ್ಟಿ ಉಣಬೇಕು ನಾವು.

ಕಲಿಕೆ ಸಲೀಸಾಗಿಯೇನೂ ಆಗಲಿಲ್ಲ. ತ್ರಿಶಲಾ ಎಷ್ಟೋ ಡ್ರಮ್ಮುಗಳ ಆಕಾರ ಕೆಡಿಸಿದಳು. ಪಾರಿಸ ಒಮ್ಮೆ ‘ಬರ್ಲಿ’ ಎನ್ನುವ ಭರದಲ್ಲಿ ತಾನೇ ಹಿಂದೆ ಹಿಂದೆ ನಡೆದು ಗಟಾರದಲ್ಲಿ ಬಿದ್ದ. ಮೊದಲ ಸಲದ ಪರೀಕ್ಷೆಯಲ್ಲಿ ಏರಿನ ಮೇಲೆ ಗಾಡಿ ಬಂದ್ ಬಿದ್ದು ತ್ರಿಶಲಾ ನಪಾಸಾದಳು; ಆ ಸಂಜೆ ಅವಳಿಗಿಂತ ಹೆಚ್ಚು ಮಂಕಾಗಿ ಊಟ ಬಿಟ್ಟವನು ಪಾರಿಸ. ಎರಡನೆಯ ಸಲ ಪಾಸಾದಳು. ಇಸಾಕ ಊರಲ್ಲೆಲ್ಲ ಪೇಡೆ ಹಂಚಿದ.

ದೀಪಾವಳಿ ಮುಗಿದು ಕಾರ್ಖಾನೆಗಳ ಚಿಮಣಿಗಳಿಂದ ಹೊಗೆ ಏಳತೊಡಗಿತು. ಕಬ್ಬು ತುಂಬಿದ ಗಾಡಿಗಳ ಪಾಳಿಯಲ್ಲಿ ಅಲಖನೂರಿನ ಲಾರಿಯೂ ನಿಂತಿತು. ಬಲಗಡೆ ತ್ರಿಶಲಾ, ಎಡಗಡೆ ಪಾರಿಸ, ನಡುವೆ ಊಟದ ಡಬ್ಬಿ. ಆ ದಿನದ ಕಡಲೆಹಿಟ್ಟಿನ ಜುಣಕ ಪಾರಿಸ ತಾನೇ ಮಾಡಿದ್ದ. ತಳ ಹಿಡಿದಿತ್ತು, ಯಾರೂ ಆಡಿ ತೋರಿಸಿರಲಿಲ್ಲ. ತೂಕದ ಕಾಟಾಕ್ಕೆ ಲಾರಿಯನ್ನು ಒಂದೇ ಸಲಕ್ಕೆ ಹಿಂದೆ ಸರಿಸಿ ತ್ರಿಶಲಾ ನಿಲ್ಲಿಸಿದಾಗ, ಸುತ್ತಲಿನ ಡ್ರೈವರುಗಳು ಬೀಡಿ ಸೇದುವುದನ್ನು ಬಿಟ್ಟು ನೋಡಿದರು. ಕಾಗವಾಡದ ಕಡೆಯ ಒಬ್ಬ ಗಾಡಿ ಮಾಲೀಕ ಪಾರಿಸನ ಬಳಿ ಬಂದ.

ಮಾಲೀಕ: ನಮಸ್ಕಾರ್ರಿ. ನಮ್ಮ ಮಗಳು, ಬ್ರಾಹ್ಮಿ ಅಂತ, ಲಾರಿ ಕಲೀತೇನಂತ ಹಟ ಹಿಡದಾಳ. ನಿಮ್ಮ ಮನಿಯವ್ರು ಯಾವ ಸಾಲ್ಯಾಗ ಕಲತ್ರು?

ಪಾರಿಸ: ಚಿಕ್ಕೋಡ್ಯಾಗ್ರಿ. ಮತ್ತೆಲ್ಲೂ ಕಳಸಬ್ಯಾಡ್ರಿ.

ಮಾಲೀಕ: ನಿಪ್ಪಾಣ್ಯಾಗ ಏ.ಸಿ. ಇದ್ದದ್ದು ಒಂದ ಐತಂತ?

ಪಾರಿಸ: ಏ.ಸಿ. ತಗೊಂಡ ಏನ್ ಮಾಡ್ತೀರಿ? ನಿಮ್ಮ ಲಾರಿಗೆ ಏ.ಸಿ. ಐತೇನು? ಬೋರ್ಡ ನೋಡಿ ಮಳ್ಳ ಆಗಬ್ಯಾಡ್ರಿ. ಸಾಲಿ ಆರಸಾಕ ತಿಳವಳಿಕಿ ಬೇಕಾಗ್ತೈತಿ. ಎರಡೂ ಊರ ತಿರಗಿ, ಗಾಡಿ ಮುಟ್ಟಿ ನೋಡಿ, ನಾನ ಹಟ ಹಿಡದು ಚಿಕ್ಕೋಡಿಗೆ ಹೆಸರ ಹಚ್ಚಿಸೇನಿ!

ಮಾಲೀಕ ಮೆಚ್ಚುಗೆಯಿಂದ ತಲೆದೂಗಿ, ಕಿಟಕಿಯಲ್ಲಿ ಕೈಯೂರಿ ಕುಳಿತಿದ್ದ ತ್ರಿಶಲಾಳತ್ತ ತಿರುಗಿದ.

ಮಾಲೀಕ: ಹೌದೇನ್ರಿ ಅಕ್ಕಾರ?

ತ್ರಿಶಲಾ ಗಂಡನ ಮುಖ ನೋಡಿದಳು. ಅವನ ಕಣ್ಣು ಮೆಲ್ಲಗೆ ನೆಲದ ಕಡೆ ಹೋಯಿತು.

ತ್ರಿಶಲಾ: ಹೌದ್ರಿ. ಆರಸೂ ತ್ರಾಸೆಲ್ಲ ಇವರದ. ನನ್ನದೇನ್ರಿ, ಬರೇ ಗಾಡಿ ಹೊಡಿಯೂದು.